ವನಜಮ್ಮನ ಎರಡನೇ ಹೆಬ್ಬೆಟ್ಟು

ನಿಟ್ಟೂರಿನ ವನಜಮ್ಮನನ್ನು ಏನು ಬೇಕಾದರೂ ಅನ್ನಬಹುದು, ಹೆಬ್ಬೆಟ್ಟು ಅನ್ನುವ ಹಾಗಿಲ್ಲ. ಬಾಯಿಬಡುಕಿ ಅನ್ನಿ, ಗಂಡನನ್ನು ಗದರುವವಳು ಅನ್ನಿ, ಸಂಘದ ಮೀಟಿಂಗಿನಲ್ಲಿ ಬ್ಯಾಂಕಿನವರಿಗೇ ಪಾಠ ಹೇಳುವವಳು ಅನ್ನಿ, ನಕ್ಕು ಸುಮ್ಮನಾಗುತ್ತಾಳೆ. ಹೆಬ್ಬೆಟ್ಟು ಅಂದಿರೋ, ಅವತ್ತು ನಿಮ್ಮ ಗ್ರಹಚಾರ ಬಿಡಿಸುತ್ತಾಳೆ. ಓದುಬರಹ ಬಾರದವರನ್ನು ಮನುಷ್ಯರ ಹೆಸರಿನಿಂದ ಕರೆಯದೆ ಒಂದು ಬೆರಳಿನ ಹೆಸರಿನಿಂದ ಕರೆಯುವ ದರಿದ್ರ ರೂಢಿ ನಮ್ಮ ಕಡೆ ಇದೆಯಲ್ಲ, ಅದನ್ನು ಅವಳಷ್ಟು ಮನಸಾರೆ ದ್ವೇಷಿಸಿದವರು ಗುಬ್ಬಿ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ.

ಸಿಟ್ಟು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ನಿಟ್ಟೂರಿಗೆ ಬಂದ ಎರಡನೇ ವರ್ಷ, ಅವಳಿಗೆ ಹತ್ತೊಂಬತ್ತು. ಗಂಡ ಜುಂಜಪ್ಪ ಗೊಬ್ಬರದ ಚೀಟಿ ಬರೆಸಿಕೊಂಡು ಬಾ ಎಂದು ಕಳಿಸಿದ್ದ. ಸೊಸೈಟಿಯ ಮೇಜಿನ ಹಿಂದಿದ್ದ ಗುಮಾಸ್ತ ತಲೆ ಎತ್ತದೆ ‘ಹೆಬ್ಬೆಟ್ಟಾ?’ ಎಂದ. ಇವಳು ಬಾಯಿ ತೆರೆಯುವಷ್ಟರಲ್ಲಿ ಕೈ ಹಿಡಿದೆಳೆದು, ಶಾಯಿಯ ಡಬ್ಬಿಗೆ ಅದುಮಿ, ಪುಸ್ತಕದ ಮೇಲೆ ಒತ್ತಿಸಿ, ಆಮೇಲೆ ತನ್ನ ಬೆರಳುಗಳನ್ನು ಕಾಗದದಲ್ಲಿ ಒರೆಸಿಕೊಂಡ. ಇವಳಿಗೆ ಒರೆಸಿಕೊಳ್ಳಲು ಕಾಗದ ಕೊಡಲಿಲ್ಲ. ‘ಕೈ ಹಿಡ್ದಿದ್ದಕ್ಕೆ ಸಿಟ್ಟು ಬರ್ಲಿಲ್ಲ ಕಣಕ್ಕ, ಮುಖ ನೋಡ್ದೆ ಹಿಡ್ದಿದ್ದಕ್ಕೆ ಬಂತು’ ಎಂದು ವನಜಮ್ಮ ಇವತ್ತಿಗೂ ಹೇಳುತ್ತಾಳೆ.

ಆ ಕಾಲಕ್ಕೆ ಸರಿಯಾಗಿ ಊರಿಗೆ ಸಾಕ್ಷರತೆಯ ಕ್ಲಾಸು ಬಂತು. ಮಧ್ಯಾಹ್ನ ಶಾಲೆಯ ಜಗಲಿಯ ಮೇಲೆ ಒಂದು ಗಂಟೆ. ಹದಿನೆಂಟು ದಿನದಲ್ಲಿ ವನಜಮ್ಮ ತನ್ನ ಹೆಸರಿನ ನಾಲ್ಕಕ್ಷರ ಕಲಿತಳು. ಒಲೆಯ ಇದ್ದಿಲಿನಲ್ಲಿ ಅಡುಗೆಮನೆ ಗೋಡೆಗೆಲ್ಲ ವ ನ ಜ ಮ್ಮ, ವ ನ ಜ ಮ್ಮ ಎಂದು ಬರೆದಳು. ಅತ್ತೆ ಬೈದರು, ಗೋಡೆಗೆ ಸುಣ್ಣ ಹೊಡೆಸಿದರು, ಇವಳು ಸುಣ್ಣದ ಮೇಲೂ ಬರೆದಳು. ನಾಲ್ಕಕ್ಷರ ನಾನೂರಾಗಿ, ಪೇಪರು ಓದುವ ಮಟ್ಟಕ್ಕೆ ಬಂತು. ಆಮೇಲೆ ಅವಳೇ ಮೂವತ್ತಕ್ಕೂ ಹೆಚ್ಚು ಹೆಂಗಸರ ಕೈಹಿಡಿದು ರುಜು ಹಾಕುವುದನ್ನು ಕಲಿಸಿದಳು. ಕಲಿಯದೆ ಸೋಲಿಸಿದವಳು ಒಬ್ಬಳೇ, ಪಕ್ಕದ ಮನೆಯ ಬಸವಲಿಂಗಮ್ಮ. ‘ನನ್ನ ಕೈ ಸೌಟು ಹಿಡಿಯೋಕೆ ಹುಟ್ಟೈತೆ, ಬುಡೇ’ ಎಂದು ಪೆನ್ಸಿಲ್ಲನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಹೋದಳು.

ಜುಂಜಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ. ವನಜಮ್ಮನಿಗೆ ಹುಣಸೆಹಣ್ಣಿನ ಕೆಲಸ. ಸುಗ್ಗಿ ಬಂತೆಂದರೆ ವ್ಯಾಪಾರಿಗಳು ಮೂಟೆಗಟ್ಟಲೆ ಹಣ್ಣು ತಂದು ಮನೆಬಾಗಿಲಿಗೆ ಸುರಿಯುತ್ತಾರೆ. ಹೆಂಗಸರು ಗುಂಪಾಗಿ ಕೂತು ಓಡು ಒಡೆದು, ನಾರು ತೆಗೆದು, ಜಜ್ಜಿ ಬೀಜ ಬಿಡಿಸುತ್ತಾರೆ. ಹಣ್ಣು ತುಮಕೂರಿನ ಮಂಡಿಗೆ ಹೋಗುತ್ತದೆ, ಹುಳಿ ಇವರ ಬೆರಳಿನಲ್ಲಿ ಉಳಿಯುತ್ತದೆ. ಮೂವತ್ತು ಸುಗ್ಗಿ ಹುಳಿಯಲ್ಲಿ ನೆಂದ ಬೆರಳಿನ ತುದಿ ನುಣ್ಣಗಾಗಿ, ಗೆರೆ ಅಂಬೋದೇ ಇಲ್ಲದಂತಾಗುತ್ತದೆ. ವನಜಮ್ಮನ ಮಾತು ಮಾತ್ರ ನುಣ್ಣಗಾಗಲಿಲ್ಲ. ‘ನಿನ್ನ ನಾಲ್ಗೇಲಿ ತಿಕ್ಕುದ್ರೆ ತಾಮ್ರದ ಚೊಂಬು ಹೊಳೀತೈತೆ’ ಎನ್ನುತ್ತಾನೆ ಜುಂಜಪ್ಪ, ಬಾಗಿಲಿಂದ ಆಚೆ ನಿಂತು.

ಹೀಗೆ ಪೆನ್ನು ಹಿಡಿದು ಮರ್ಯಾದೆ ಸಂಪಾದಿಸಿದ್ದಳೋ ಇಲ್ಲವೋ, ಮಿಷನ್ನು ಬಂತು. ರೇಷನ್ನಿಗೆ ಹೆಬ್ಬೆಟ್ಟು, ಗ್ಯಾಸಿಗೆ ಹೆಬ್ಬೆಟ್ಟು, ಪಿಂಚಣಿಗೆ, ಬ್ಯಾಂಕಿಗೆ, ಎಲ್ಲದಕ್ಕೂ ಹೆಬ್ಬೆಟ್ಟು. ರಿಟೈರಾದ ಹೆಡ್ಮೇಷ್ಟ್ರೂ ಸಾಲಿನಲ್ಲಿ ನಿಂತು ಬೆರಳು ಒತ್ತಿದ್ದನ್ನು ನೋಡಿ ವನಜಮ್ಮ ಮೊದಲ ದಿನ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಎರಡನೇ ದಿನ ಅವಳ ಬೆರಳನ್ನು ಮಿಷನ್ನು ತೆಗೆದುಕೊಳ್ಳಲಿಲ್ಲ, ನಗು ನಿಂತಿತು. ಅಂದಿನಿಂದ ‘ಇನ್ನೊಂದು ಸಲ ಇಡಿ’ ಎಂಬ ಮಾತು ಹುಣಸೆ ಬಿಡಿಸುವ ಹೆಂಗಸರ ಬೆನ್ನಿಗೆ ಬಿತ್ತು. ಬೆರಳನ್ನು ಕೂದಲಿಗೆ ಉಜ್ಜು, ಇನ್ನೊಂದು ಸಲ ಇಡು. ಒದ್ದೆ ಬಟ್ಟೆಯಲ್ಲಿ ಒರೆಸು, ಇನ್ನೊಂದು ಸಲ ಇಡು. ತಲೆಯ ಎಣ್ಣೆಯ ಪಸೆ ತಾಗಿದರೆ ಮಿಷನ್ನು ಹಿಡಿಯುತ್ತದೆ ಎಂಬ ಉಪಾಯವನ್ನು ಊರಿಗೆಲ್ಲ ಹೇಳಿಕೊಟ್ಟವಳೂ ವನಜಮ್ಮನೇ. ಅವಳಿಗೆ ಬಂದ ವಿದ್ಯೆ ಯಾವುದೂ ಅವಳಲ್ಲೇ ಉಳಿಯುವುದಿಲ್ಲ. ಗ್ರಹಚಾರ ಅಲ್ಲೇ ಕಾದು ಕೂತಿತ್ತು.

ಎರಡು ವರ್ಷದ ಹಿಂದಿನ ಮಾತು. ಬಸ್‌ಸ್ಟ್ಯಾಂಡಿನ ಪಕ್ಕ, ಜುಂಜಪ್ಪನ ಅಂಗಡಿಯ ಎದುರಿಗೇ, ದೊಡ್ಡ ಕೊಡೆ ಬಿಚ್ಚಿಕೊಂಡು ಒಬ್ಬ ಸಿಮ್ ಮಾರುವವನು ಬಂದು ಕೂತ. ಸಿಮ್ ತಗೊಂಡರೆ ಪ್ಲಾಸ್ಟಿಕ್ ಬಿಂದಿಗೆ ಪುಕ್ಕಟೆ. ಸಂಘದ ಹೆಂಗಸರಿಗೆ ಸಾಲದ ಅರ್ಜಿಗೆ ಒಬ್ಬೊಬ್ಬರಿಗೂ ಸ್ವಂತ ನಂಬರು ಬೇಕು ಎಂದು ಬ್ಯಾಂಕಿನವರು ಹೇಳಿದ್ದರು. ವನಜಮ್ಮ ಹನ್ನೊಂದು ಜನರನ್ನು ಮುಂದೆ ಹಾಕಿಕೊಂಡು ಹೊರಟಳು. ಒಬ್ಬೊಬ್ಬರೂ ಬೆರಳಿಟ್ಟರು. ಒಬ್ಬೊಬ್ಬರಿಗೂ ಅವನು, ‘ತಗೊಂಡಿಲ್ಲ ಅಮ್ಮ, ಇನ್ನೊಂದು ಸಲ ಇಡಿ’ ಅಂದ. ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಇವರ ಬೆರಳನ್ನು ಮೊದಲ ಸಲಕ್ಕೇ ಯಾವ ಮಿಷನ್ನು ತಗೊಂಡಿದೆ?

ವನಜಮ್ಮ ಪಕ್ಕದಲ್ಲಿ ನಿಂತು, ‘ಕೂದ್ಲಿಗೆ ಉಜ್ಕೊಳ್ರೇ, ಆಮೇಲೆ ಒತ್ರಿ’ ಎಂದು ಪಾಠ ಹೇಳುತ್ತಿದ್ದಳು. ಬಸವಲಿಂಗಮ್ಮ ಎರಡನೇ ಸಲಕ್ಕೆ ಗೊಣಗಿದಾಗ ಅವಳ ಕೈಯನ್ನು ತಾನೇ ಹಿಡಿದು ಒತ್ತಿಸಿದಳು. ಪಾಪ, ಬಿಸಿಲಲ್ಲಿ ಕೂತು ಎಷ್ಟು ತಾಳ್ಮೆಯಿಂದ ಎರಡೆರಡು ಸಲ ಒತ್ತಿಸಿಕೊಳ್ಳುತ್ತಾನೆ ಎಂದು ಮನೆಯಿಂದ ಮಜ್ಜಿಗೆ ತರಿಸಿಕೊಟ್ಟಳು. ಮಜ್ಜಿಗೆ ಕೊಟ್ಟ ಮೇಲೆ ಯಾವೂರು, ಯಾರ ಮಗ ಎಂದು ಕೇಳದಿದ್ದರೆ ಆದೀತೇ? ಅವನು ಲೋಟ ಬರಿದು ಮಾಡಿ, ‘ಕುಣಿಗಲ್ ಕಡೆ ಕೊತ್ತಗೆರೆ ಅಮ್ಮ. ಬೀರಯ್ಯ ಅಂತ ಇದ್ರು, ಅವರ ಮಗ ರವೀಶ’ ಎಂದ. ಹೆಂಗಸರು ಬಿಂದಿಗೆ ಹೊತ್ತು ಮನೆಗೆ ಬಂದರು.

ಈ ವರ್ಷ ಸುಗ್ಗಿಯ ನಡುವೆ, ಅಂಗಳದಲ್ಲಿ ಹೆಂಗಸರೆಲ್ಲ ಹಣ್ಣು ಬಿಡಿಸುತ್ತ ಕೂತಿದ್ದಾಗ, ಜೀಪು ಬಂತು. ಇಬ್ಬರು ಪೊಲೀಸರು ಇಳಿದು ವನಜಮ್ಮನ ಹೆಸರು ಹೇಳಿ ಕೈಗೆ ನೋಟಿಸು ಕೊಟ್ಟರು. ಅವಳ ಹೆಸರಿನಲ್ಲಿರುವ ಒಂದು ನಂಬರಿನಿಂದ ದೂರದ ಬೇರೊಂದು ರಾಜ್ಯದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಪೊಲೀಸರ ಸೋಗಿನಲ್ಲಿ ಕರೆ ಮಾಡಿ, ಬೆದರಿಸಿ, ಜೀವಮಾನದ ಉಳಿತಾಯವನ್ನೆಲ್ಲ ದೋಚಿದ್ದಾರೆ. ಮೂರು ದಿನದೊಳಗೆ ತುಮಕೂರಿಗೆ ಬಂದು ವಿಚಾರಣೆಗೆ ಹಾಜರಾಗಬೇಕು. ವನಜಮ್ಮ ಹುಳಿ ಕೈಯಲ್ಲೇ ನೋಟಿಸು ಹಿಡಿದು, ಅಕ್ಷರ ಅಕ್ಷರ ಓದಿದಳು. ಓದಲು ಬರುವುದಿಲ್ಲ ಎಂದಿದ್ದರೆ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಊರಿಗೆ ಇಷ್ಟು ಸಾಕಲ್ಲ. ಸಂಜೆಯೊಳಗೆ ವನಜಮ್ಮ ಫಾರಿನ್ನಿನವರ ಜೊತೆ ಸೇರಿಕೊಂಡು ಯಾರನ್ನೋ ಮುಳುಗಿಸಿದ್ದಾಳೆ ಎಂಬಲ್ಲಿಗೆ ಸುದ್ದಿ ಬೆಳೆಯಿತು. ಮಾರನೇ ದಿನ ಹಣ್ಣಿನ ವ್ಯಾಪಾರಿ ಅಡವಿಯಪ್ಪ, ‘ಪೊಲೀಸ್ನೋರು ಬರೋ ಮನೇಲಿ ಮಾಲು ಇಳಿಸೋಕಾಗಲ್ಲ ಕಣಮ್ಮ, ಬೇಜಾರು ಮಾಡ್ಕೋಬೇಡ’ ಎಂದು ಮೂಟೆಗಳನ್ನು ವಾಪಸ್ಸು ಗಾಡಿಗೆ ಹೇರಿಸಿದ. ಸಂಘದವರು, ಕೇಸು ಮುಗಿಯುವವರೆಗೆ ಅಂತ ನಾಜೂಕಾಗಿ ಹೇಳಿ, ಅವಳ ಹತ್ತಿರವಿದ್ದ ಸಂಘದ ಪುಸ್ತಕ ಇಸಿದುಕೊಂಡರು. ಇಪ್ಪತ್ತೆರಡು ವರ್ಷ ಅದರ ಪ್ರತಿ ಪುಟದ ಕೆಳಗೂ ಬಿದ್ದಿದ್ದ ನಾಲ್ಕಕ್ಷರಕ್ಕೆ ಮೂರು ಕಾಸಿನ ಬೆಲೆ ಉಳಿಯಲಿಲ್ಲ. ವನಜಮ್ಮ ಸಂಪಾದಿಸಿದ್ದ ಆಸ್ತಿ ಅಂತ ಇದ್ದದ್ದು ಆ ಹೆಸರೊಂದೇ.

ತುಮಕೂರಿನ ಪೊಲೀಸ್ ಕಚೇರಿಯಲ್ಲಿ ಅವಳನ್ನು ಮಾತನಾಡಿಸಿದವರು ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಯ್ಯ. ರಿಟೈರಾಗಲು ಎರಡು ವರ್ಷವಿದ್ದ, ಕೂಗಾಡದ ಮನುಷ್ಯ. ಕಂಪ್ಯೂಟರಿನಲ್ಲಿ ಅವಳ ಆಧಾರ್ ಹಾಕಿ, ‘ನಿಮ್ಮ ಹೆಸ್ರಲ್ಲಿ ಎರಡು ನಂಬರ್ ಐತೆ ವನಜಮ್ಮ. ಒಂದೇ ದಿನ, ಒಂದೇ ಜಾಗದಲ್ಲಿ, ನಾಲ್ಕು ನಿಮಿಷ ಬಿಟ್ಟು ಒಂದಾದ್ಮೇಲೊಂದು ತಗೊಂಡಿದೀರಿ’ ಎಂದರು.

‘ನಾನು ಒಂದೇ ತಗೊಂಡಿದ್ದು ಸಾರ್. ಒಂದು ಸಿಮ್ಮು, ಒಂದು ಬಿಂದಿಗೆ.’

‘ಬೆರಳು ಎಷ್ಟು ಸಲ ಇಟ್ರಿ?’

ವನಜಮ್ಮನಿಗೆ ಕೊಡೆಯ ಕೆಳಗಿನ ಆ ಮಧ್ಯಾಹ್ನವೆಲ್ಲ ಕಣ್ಣಮುಂದೆ ಬಂತು. ಮೊದಲ ಸಲಕ್ಕೇ ಮಿಷನ್ನು ತಗೊಂಡಿತ್ತು. ಎರಡನೇ ಹೆಬ್ಬೆಟ್ಟಿಗೆ ಎರಡನೇ ಸಿಮ್ಮು ಹುಟ್ಟಿತ್ತು. ತಾನು ಮಜ್ಜಿಗೆ ಕೊಟ್ಟಿದ್ದು ಅವನ ತಾಳ್ಮೆಗಲ್ಲ, ಕಳ್ಳತನಕ್ಕೆ. ಅದೂ ಹೋಗಲಿ, ಮಿಕ್ಕ ಹನ್ನೊಂದು ಜನರಿಗೆ ಒತ್ತಿ ಒತ್ತಿ ಎಂದು ಹೇಳಿದ ಬಾಯಿ ತನ್ನದೇ. ಕುರ್ಚಿಯ ತುದಿ ಗಟ್ಟಿಯಾಗಿ ಹಿಡಿದುಕೊಂಡು, ಉಳಿದವರ ಹೆಸರನ್ನೂ ಹಾಕಿ ನೋಡಿ ಎಂದು ಬೇಡಿಕೊಂಡಳು. ಅವರವರು ಬಂದರೆ ನೋಡಬಹುದು ಅಂದರು ರಾಮಾಂಜಿನಯ್ಯ. ಆದರೆ ಅವರಿಗೂ ಇದೇ ಆಗಿರುತ್ತದೆ ಎಂದು ರಾಮಾಂಜಿನಯ್ಯನವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

‘ಈಗ ಆ ಸಿಮ್ಮು ಎಲ್ಲೈತೆ ಸಾರ್?’

‘ಪೂರ್ವದ ಕಡೆ ಒಂದು ದೇಶದಲ್ಲಿ. ಅಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಕೊಂಡು, ಸಾವಿರಾರು ಜನರನ್ನ ಕೂರಿಸ್ಕೊಂಡು, ಇದೇ ದಂಧೆ ನಡೆಸ್ತಾವ್ರೆ. ನಮ್ಮ ಹಳ್ಳಿ ಸಿಮ್‌ಗಳು ಪಾರ್ಸಲ್ಲಲ್ಲಿ ಅಲ್ಲಿಗೆ ಹೋಗ್ತವೆ.’

‘ಬಿಲ್ಡಿಂಗ್ ಯಾವ್ದು ಅಂತ ಗೊತ್ತೈತಲ್ಲ. ಹೋಗಿ ಹಿಡೀರಿ ಮತ್ತೆ.’

ರಾಮಾಂಜಿನಯ್ಯ ನಕ್ಕರು, ಖುಷಿಗೆ ನಕ್ಕದ್ದಲ್ಲ. ‘ಅದು ಬೇರೆ ದೇಶ ಕಣಮ್ಮ. ನಾವು ಇಲ್ಲಿಂದ ಕಾಗ್ದ ಬರೀಬೇಕು. ಅದು ಬೆಂಗ್ಳೂರಿಗೆ ಹೋಗಿ, ಡೆಲ್ಲಿಗೆ ಹೋಗಿ, ಕೋರ್ಟಿನ ಮೊಹರಾಗಿ, ಅವರ ಭಾಷೆಗೆ ತರ್ಜುಮೆಯಾಗಿ, ಆ ದೇಶದ ಸರ್ಕಾರಕ್ಕೆ ಹೋಗ್ಬೇಕು. ಅವ್ರು ಒಪ್ಪುದ್ರೆ ಉಂಟು. ಹೋದ ವರ್ಷ ಬರ್ದಿರೋದಕ್ಕೇ ಇನ್ನೂ ಉತ್ತರ ಬಂದಿಲ್ಲ. ಈಗ ಎಲ್ಲಾ ದೇಶನೂ ಸೇರಿ ಒಂದು ದೊಡ್ಡ ಒಪ್ಪಂದ ಮಾಡ್ಕೊಂತಾವಂತೆ. ಕೆಲವು ರುಜು ಹಾಕವೆ, ಕೆಲವು ಇನ್ನೂ ಯೋಚ್ನೆ ಮಾಡ್ತಾವೆ.’

‘ರುಜು ಹಾಕೋಕೆ ಎಷ್ಟು ವರ್ಷ ಬೇಕು ಸಾರ್ ಅವ್ರಿಗೆ? ನಾನು ಹದಿನೆಂಟು ದಿನದಲ್ಲಿ ಕಲ್ತೆ.’

ರಾಮಾಂಜಿನಯ್ಯ ಫೈಲಿನ ಹಾಳೆ ತಿರುವಿದರು. ವನಜಮ್ಮ ಮಾತು ನಿಲ್ಲಿಸಲಿಲ್ಲ. ‘ನನ್ನ ಹೆಬ್ಬೆಟ್ಟು ಯಾವ ಮೊಹರೂ ಇಲ್ದೆ, ಯಾವ ತರ್ಜುಮೆನೂ ಇಲ್ದೆ, ಸಮುದ್ರ ದಾಟ್ತು. ನಿಮ್ಮ ಕಾಗ್ದ ಮಾತ್ರ ಡೆಲ್ಲಿ ದಾಟಲ್ಲ. ನಿಟ್ಟೂರಿಗೆ ಜೀಪು ಎಷ್ಟು ಬೇಗ ಬಂತು ನೋಡಿ ಸಾರ್. ನಾನು ಹತ್ತಿರ ಇದೀನಿ ಅಂತ ತಾನೇ?’

ಯಾರ ಹೆಸರಲ್ಲಿ ಸಿಮ್ ಇದೆಯೋ ಅವರೇ ಮೊದಲು ಉತ್ತರ ಹೇಳಬೇಕು, ಕಾನೂನು ಇರುವುದೇ ಹಾಗೆ ಎಂದಷ್ಟೇ ಹೇಳಿದರು ರಾಮಾಂಜಿನಯ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಗಾದೆಯೆಂದು ಇಷ್ಟು ದಿನ ಅಂದುಕೊಂಡಿದ್ದಳು ವನಜಮ್ಮ. ಅದು ಕಾನೂನು ಎಂದು ಅವತ್ತು ಗೊತ್ತಾಯಿತು.

ಹೊರರಾಜ್ಯದ ಪೊಲೀಸರು ಒಂದು ಹೇಳಿಕೆಯನ್ನು ಟೈಪ್ ಮಾಡಿ ಕಳಿಸಿದ್ದರು, ಕೆಳಗೆ ಕನ್ನಡದ ತರ್ಜುಮೆಯೂ ಇತ್ತು. ರಾಮಾಂಜಿನಯ್ಯ ಅದನ್ನು ಮುಂದಿಟ್ಟು, ರೂಢಿಯಂತೆ ಶಾಯಿಯ ಪ್ಯಾಡನ್ನೂ ಪಕ್ಕಕ್ಕೆ ಸರಿಸಿದರು. ವನಜಮ್ಮ ಪ್ಯಾಡನ್ನು ಒಂದು ಸಲ ನೋಡಿ, ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದಳು. ‘ನಾನು ಪ್ಲಾಸ್ಟಿಕ್ ಬಿಂದಿಗೆಯ ಆಸೆಗಾಗಿ ಎರಡು ಸಿಮ್ ಪಡೆದು, ಅದರಲ್ಲಿ ಒಂದನ್ನು ಸ್ವಇಚ್ಛೆಯಿಂದ ಅಪರಿಚಿತರಿಗೆ ಕೊಟ್ಟಿರುತ್ತೇನೆ’ ಎಂದಿತ್ತು. ಇದನ್ನು ಒಪ್ಪಿಕೊಂಡರೆ ಸಾಕ್ಷಿ ಅಂತ ಬಿಟ್ಟರೂ ಬಿಟ್ಟಾರು, ಒಪ್ಪದಿದ್ದರೆ ಅಲ್ಲಿಯ ಕೋರ್ಟಿಗೆ ಅಲೆಸಿಯಾರು ಎಂದರು ರಾಮಾಂಜಿನಯ್ಯ. ಹೆದರಿಸಲು ಹೇಳಿದ್ದಲ್ಲ, ನಡೆಯುವುದನ್ನು ಹೇಳಿದ್ದು.

‘ಸ್ವಇಚ್ಛೆ ಅಂತ ಬರ್ದವ್ನು ಯಾರು? ನನ್ನ ಇಚ್ಛೆ ಅವ್ನಿಗೆ ಹೆಂಗೆ ಗೊತ್ತಾಯ್ತು?’

‘ಒಂದು ವಾರ ಟೈಮ್ ತಗೊಳಮ್ಮ. ಆ ಸಿಮ್ ಮಾರ್ದವ್ನ ಗುರುತು ಏನಾದ್ರೂ ಐತಾ? ಅವನ ಏಜೆಂಟ್ ನಂಬರು ಯಾವನೋ ಸತ್ತೋದವನ ಹೆಸ್ರಲ್ಲೈತೆ. ನಮ್ಗೆ ಅಲ್ಲಿಗೇ ದಾರಿ ನಿಂತೋಯ್ತು.’

‘ಐತೆ ಸಾರ್’ ಅಂದಳು ವನಜಮ್ಮ. ‘ಮಜ್ಜಿಗೆ ಕೊಟ್ಟಿದೀನಿ.’

ಪೊಲೀಸರಿಗೆ ಹೆಸರು ಕೊಡುವ ಮೊದಲು ತಾನೇ ವಿಚಾರಿಸಿಕೊಳ್ಳಬೇಕೆಂದು, ಮೂರನೇ ದಿನ ಬೆಳಿಗ್ಗೆ, ಒಬ್ಬಳೇ, ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿ, ಕುಣಿಗಲ್ಲಿನಲ್ಲಿ ಇನ್ನೊಂದು ಬಸ್ಸಿಗೆ ಕಾದು, ಕೊತ್ತಗೆರೆಯಲ್ಲಿ ಇಳಿದಳು. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡು ಬಂದಿದ್ದಳು. ನಿನ್ನ ಮನೆ ಹಾಳಾಗ ಎಂದು ಶುರು ಮಾಡುವುದೋ, ಮಜ್ಜಿಗೆಯ ಋಣದಿಂದ ಶುರು ಮಾಡುವುದೋ ಎಂಬುದಷ್ಟೇ ಬಾಕಿ ಇತ್ತು. ಬೀರಯ್ಯನ ಮಗ ರವೀಶನ ಮನೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಒಂಥರಾ ನೋಡಿ ದಾರಿ ತೋರಿಸಿದ.

ಬಾಗಿಲಲ್ಲಿ ಕೂತಿದ್ದವಳು ಅವನ ತಾಯಿ, ಚಿಕ್ಕೀರಮ್ಮ. ವನಜಮ್ಮನ ವಯಸ್ಸೇ, ಹತ್ತು ವರ್ಷ ಹೆಚ್ಚಾಗಿ ಕಾಣುತ್ತಿದ್ದಳು. ರವೀಶನ ಹೆಸರು ಕಿವಿಗೆ ಬಿದ್ದದ್ದೇ ದಡಬಡನೆ ಎದ್ದು, ‘ಆಫೀಸಿನಿಂದ ಬಂದ್ರಾ ತಾಯಿ? ಏನಾದ್ರೂ ಗೊತ್ತಾಯ್ತಾ?’ ಎಂದಳು.

ವಿಷಯ ಹೀಗಿತ್ತು. ಸಿಮ್ ಕೊಂಡುಕೊಳ್ಳುತ್ತಿದ್ದವರೇ ರವೀಶನಿಗೆ ಆಸೆ ಹುಟ್ಟಿಸಿದ್ದರು. ವಿದೇಶದಲ್ಲಿ ಕಂಪ್ಯೂಟರ್ ಟೈಪಿಂಗ್ ಕೆಲಸ, ಊಟ ವಸತಿ ಅವರದೇ ಎಂದು. ಕೊಡೆ ಮಡಿಚಿ ಅವನು ಹೊರಟು ಒಂದು ವರ್ಷವಾಗಿತ್ತು. ಇಳಿದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡು, ಗೋಡೆಗೆ ಮುಳ್ಳುತಂತಿ ಸುತ್ತಿದ ಬಿಲ್ಡಿಂಗಿಗೆ ತಳ್ಳಿದರು. ದಿನಕ್ಕೆ ಇಷ್ಟು ಜನರಿಗೆ ಫೋನು ಮಾಡಬೇಕು, ಮಾಡದಿದ್ದರೆ ಊಟವಿಲ್ಲ, ಏಟುಂಟು. ತಾಯಿಗೆ ಕದ್ದು ಮಾಡಿದ ಫೋನು ಮೂರೇ ಸಲ. ಮೂರನೇ ಸಲ ಮಾತಾಡಿದ್ದು ಅವನೋ ಅವನ ಅಳುವೋ ಅವಳಿಗೆ ತಿಳಿಯಲಿಲ್ಲ. ಅದಾಗಿ ನಾಲ್ಕು ತಿಂಗಳು. ಚಿಕ್ಕೀರಮ್ಮ ಯಾರ್‍ಯಾರದೋ ಕೈಕಾಲು ಹಿಡಿದು ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಕುಣಿಗಲ್ಲು ತುಮಕೂರು ಎಂದು ಅಲೆದಿದ್ದಳು. ಎಲ್ಲ ಕಡೆಯೂ ಒಂದೇ ಉತ್ತರ: ಕಾಗದ ಡೆಲ್ಲಿಗೆ ಹೋಗಿದೆ.

ಹೆಂಗಸರ ಬೆರಳು ಮಾರಿದವನನ್ನು ಇಡೀ ಆಳಾಗಿಯೇ ಮಾರಿಬಿಟ್ಟಿದ್ದರು. ವನಜಮ್ಮ ಜೋಡಿಸಿಕೊಂಡು ಬಂದಿದ್ದ ಬೈಗುಳ ಬಾಯಲ್ಲೇ ಉಳಿಯಿತು. ಹಾಗಂತ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಹುಣಸೆ ಮುಪ್ಪಾದರೆ ಹುಳಿ ಮುಪ್ಪಾಗುತ್ತದೆಯೇ? ಅವನು ಮಾಡಿದ ಕೆಲಸವನ್ನು, ನೋಟಿಸನ್ನು, ವಾಪಸ್ಸು ಹೋದ ಮೂಟೆಗಳನ್ನು, ಒಂದೂ ಬಿಡದೆ ತಾಯಿಯ ಮುಂದೆ ಹೇಳಿದಳು. ಚಿಕ್ಕೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು.

‘ಹೊಡೀರಿ ಅಕ್ಕ, ಅವ್ನು ಬಂದ್ರೆ ಮೆಟ್ನಲ್ಲಿ ಹೊಡೀರಿ’ ಎಂದಳು ಕೊನೆಗೆ. ‘ಬರ್ಲಿ ಮೊದ್ಲು.’

ಆ ಮಾತಿಗೆ ವನಜಮ್ಮನಿಗೆ ಏನು ಹೊಳೆಯಿತೋ, ಜಗಲಿಯ ಮೇಲೆ ಕೂತಳು. ‘ಸರಿ ಕಣವ್ವ. ನಿಂಗೆ ಮಗ ಬೇಕು, ನಂಗೆ ಕಳ್ಳ ಬೇಕು. ಇಬ್ರಿಗೂ ಬೇಕಾಗಿರೋನು ಒಬ್ನೇ. ಅವ್ನು ಬಂದು ಬಾಯಿ ಬಿಡೋವರ್ಗೂ ನಾನು ಕಳ್ಳಿ ಅಲ್ಲ ಅಂತ ಯಾರೂ ನಂಬಲ್ಲ. ಒಂದು ಹಾಳೆ ಕೊಡು, ನಾನೇ ಬರೀತೀನಿ.’

ಮನೆಯಲ್ಲಿ ಹಾಳೆ ಇರಲಿಲ್ಲ. ಅಂಗಡಿಯಿಂದ ತಂದರು. ಅಲ್ಲಿ ಶುರುವಾದ ಬರವಣಿಗೆ ನಿಟ್ಟೂರಿನಲ್ಲಿ ಇನ್ನೆರಡು ದಿನ ನಡೆಯಿತು. ಆ ಎರಡು ದಿನದಲ್ಲಿ ವನಜಮ್ಮ ಹನ್ನೊಂದು ಮನೆಯ ಬಾಗಿಲು ತಟ್ಟಿ, ತಾನು ಮಾಡಿದ ತಪ್ಪನ್ನು ತಾನೇ ಹೇಳಿದಳು. ಎಲ್ಲರಿಗಿಂತ ಕಷ್ಟವಾದದ್ದು ಬಸವಲಿಂಗಮ್ಮನ ಬಾಗಿಲು.

‘ಸಾಕು ಅಂದ್ನಲ್ಲೇ ನಾನು ಅವತ್ತು. ನೀನೇ ಕಣೇ ಕೈ ಹಿಡ್ದು ಒತ್ಸಿದ್ದು’ ಎಂದಳು ಬಸವಲಿಂಗಮ್ಮ. ‘ಮೂವತ್ತು ವರ್ಷದಿಂದ ರುಜು ಕಲಿ ರುಜು ಕಲಿ ಅಂತ ತಲೆ ತಿಂದೆ. ಕೊನೆಗೆ ನಂಗೆ ಹೆಬ್ಬೆಟ್ಟು ಒತ್ಸಿದವ್ಳೂ ನೀನೇ.’

ಅಂದು ಗೊಬ್ಬರದ ಚೀಟಿಯ ಗುಮಾಸ್ತ ಮಾಡಿದ್ದೂ ಅದನ್ನೇ, ತಾನು ಮಾಡಿದ್ದೂ ಅದನ್ನೇ. ವನಜಮ್ಮ ಬಾಗಿಲಲ್ಲೇ ನಿಂತು ಅತ್ತಳು. ಜುಂಜಪ್ಪನೂ ನೋಡಿರದಂಥ ಅಳು. ಬಸವಲಿಂಗಮ್ಮ, ‘ಅತ್ತಿದ್ದು ಸಾಕು, ನಾಳೆ ಎಷ್ಟೊತ್ತಿಗೆ ಬಸ್ಸು ಹೇಳು’ ಎಂದು ಒಳಗೆ ಹೋಗಿ ಸೀರೆ ತೆಗೆದಿಟ್ಟಳು.

ಮಾರನೇ ದಿನ ತುಮಕೂರಿನ ಆ ಕಚೇರಿಗೆ ವನಜಮ್ಮನ ಜೊತೆ ಹನ್ನೊಂದು ಹೆಂಗಸರೂ, ಕೊತ್ತಗೆರೆಯ ಚಿಕ್ಕೀರಮ್ಮನೂ ಬಂದರು. ರಾಮಾಂಜಿನಯ್ಯ ಎದ್ದು ನಿಂತು ಬೆಂಚು ಸಾಲದೆ ಕುರ್ಚಿ ತರಿಸಿದರು. ಒಬ್ಬೊಬ್ಬರದೇ ಆಧಾರ್ ಹಾಕಿ ನೋಡಿದರೆ, ಹನ್ನೊಂದರಲ್ಲಿ ಒಂಬತ್ತು ಜನರ ಹೆಸರಿನಲ್ಲಿ ಅವರು ಕಣ್ಣಿಂದ ನೋಡಿರದ ಎರಡನೇ ನಂಬರು ಇತ್ತು. ಎಲ್ಲವೂ ಅದೇ ದಿನದ್ದು. ವನಜಮ್ಮ ತಾನು ಬರೆದ ನಾಲ್ಕು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಟೈಪ್ ಮಾಡಿದ ಹೇಳಿಕೆಯನ್ನು ಮಡಿಚಿ ಅವರ ಕಡೆಗೇ ತಳ್ಳಿದಳು.

ರಾಮಾಂಜಿನಯ್ಯ ಓದುತ್ತ ಹೋದರು. ‘ಸಿಮ್ ಮಾರಿದವನು ಕೊತ್ತಗೆರೆಯ ರವೀಶ. ನಮ್ಮ ಬೆರಳನ್ನು ಕದ್ದವನು ಅವನೇ. ಈಗ ಅವನನ್ನೇ ಕದ್ದು ಇಟ್ಟುಕೊಂಡಿದ್ದಾರೆ. ಅವನನ್ನು ಕರೆತಂದು ಶಿಕ್ಷೆ ಕೊಡಿ, ಆದರೆ ಕರೆತನ್ನಿ. ಸಿಮ್ಮನ್ನು ನಾವು ಯಾರಿಗೂ ಕೊಟ್ಟಿಲ್ಲ. ಬೆರಳನ್ನು ಕೂದಲಿಗೆ ಉಜ್ಜಿಕೊಂಡು ಇನ್ನೊಂದು ಸಲ ಒತ್ತಿ ಎಂದು ಇವರಿಗೆಲ್ಲ ಹೇಳಿಕೊಟ್ಟವಳು ನಾನು. ಅಷ್ಟು ತಪ್ಪು ನನ್ನದು. ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಹಣ ಕಳೆದುಕೊಂಡ ಮೇಷ್ಟ್ರಮ್ಮ ಈಗ ಹೇಗಿದ್ದಾರೆ ಎಂದು ತಿಳಿಸಬೇಕು.’ ಕೊನೆಯ ಸಾಲಿಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ಫೈಲಿನಲ್ಲಿ ಆ ಪ್ರಶ್ನೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

‘ಇದನ್ನ ಫೈಲಿಗೆ ಸೇರಿಸ್ತೀನಿ ವನಜಮ್ಮೋರೆ. ಸ್ವಇಚ್ಛೆ ಅನ್ನೋ ಆ ಹೇಳಿಕೆಗೆ ನೀವು ಒಪ್ಪಿಲ್ಲ ಅಂತಲೂ ಬರೀತೀನಿ. ಮುಂದೆ ಅವ್ರು ಏನ್ಮಾಡ್ತಾರೋ ನಾನು ಹೇಳೋಕಾಗಲ್ಲ, ಆದ್ರೆ ಇದಿಲ್ದೆ ಫೈಲ್ ಇಲ್ಲಿಂದ ಹೋಗಲ್ಲ’ ಎಂದರು. ಆಮೇಲೆ ಮೇಜಿನ ಆ ತುದಿಯಲ್ಲಿದ್ದ ಪುಟ್ಟ ಕಪ್ಪು ಮಿಷನ್ನನ್ನು ಇವಳ ಕಡೆಗೆ ತಿರುಗಿಸಿದರು. ‘ಬರ್ದುಕೊಟ್ಟೋರು ನೀವೇ ಅಂತ ತಾಳೆ ನೋಡ್ಬೇಕು. ಒಂದು ಸಲ ಬೆರಳು ಇಡಿ.’

ವನಜಮ್ಮ ಇಟ್ಟಳು. ಮಿಷನ್ನು ಗೊರ್ರೆಂದು ಸುಮ್ಮನಾಯಿತು. ರಾಮಾಂಜಿನಯ್ಯ ಕಂಪ್ಯೂಟರಿನ ಕಡೆ ನೋಡುತ್ತಲೇ ಹೇಳಿದರು:

‘ತಗೊಂಡಿಲ್ಲ ಅಮ್ಮ. ಇನ್ನೊಂದು ಸಲ ಇಡಿ.’

ಹಿಂದಿನ ಬೆಂಚಿನ ಮೇಲೆ ಬಸವಲಿಂಗಮ್ಮ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕೂದಲಿನ ಕಡೆಗೆ ಅಭ್ಯಾಸದಿಂದ ತಾನಾಗಿ ಎದ್ದಿದ್ದ ವನಜಮ್ಮನ ಕೈ ಅರ್ಧದಲ್ಲೇ ನಿಂತಿತು. ಅವಳು ಆ ಕೈಯನ್ನು ಮೆಲ್ಲನೆ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

‘ಮೊದ್ಲನೇದು ಎಲ್ಲೋಯ್ತು ಅಂತ ಹೇಳಿ ಸಾರ್. ಆಮೇಲೆ ಎರಡನೇದು ಇಡ್ತೀನಿ.’

ರಾಮಾಂಜಿನಯ್ಯ ಮಿಷನ್ನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬೀರು ತೆಗೆದು ಹಳೆಯ ರಿಜಿಸ್ಟರು ಹೊರತಂದರು. ಧೂಳು ಒರೆಸಿ, ಪುಟ ಬಿ‍ಡಿಸಿ, ತಮ್ಮ ಜೇಬಿನ ಪೆನ್ನನ್ನೇ ತೆಗೆದು, ಅವಳ ಮುಖ ನೋಡಿ ಕೈಗೆ ಕೊಟ್ಟರು.

ವನಜಮ್ಮ ಒತ್ತಿ ಒತ್ತಿ ನಾಲ್ಕಕ್ಷರ ಬರೆದಳು. ಮೇಜಿನ ಮೇಲೆ ಆ ಮಿಷನ್ನಿನ ಕೆಂಪು ದೀಪ ಇನ್ನೊಂದು ಬೆರಳಿಗಾಗಿ ಉರಿಯುತ್ತಲೇ ಇತ್ತು.